ಗಿಡಕ್ಕೆ ಬೀಗವಿದೆ, ಮಗುವಿಗಿಲ್ಲ

ನಿಮ್ಮ ಮನೆಯಲ್ಲಿ ತಟ್ಟೆ ಕಂಡರೆ ಮುಖ ತಿರುಗಿಸುವ ಮಗು ಇದೆಯೇ? ಹೊಟ್ಟೆ ಹಿಡಿದುಕೊಂಡು ಮೂಲೆಯಲ್ಲಿ ಮುದುರಿ ಕೂರುವ, ದಿನದಿಂದ ದಿನಕ್ಕೆ ಬಿಳುಚಿಕೊಳ್ಳುವ ಮಗು? ನಮ್ಮ ಮನೆಯಲ್ಲಿತ್ತು. ಅದಕ್ಕೆ ಕಥೆ ಹೇಳಿ, ಪುಸಲಾಯಿಸಿ, ಮೂಗು ಹಿಡಿದು, ಒಂದೆರಡು ಸಲ ಬೆನ್ನಿಗೆ ಬಾರಿಸಿಯೂ ಸೊಪ್ಪು ತಿನ್ನಿಸಿದವಳು ನಾನು, ಅದರ ಅಜ್ಜಿ. ಏಳು ತಿಂಗಳು ತಿನ್ನಿಸಿದೆ. ಆ ಸೊಪ್ಪಿನಲ್ಲಿ ವಿಷವಿತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕೊನೆಯವರೆಗೆ ಕಾಯಿಸಿ ನಿಮ್ಮನ್ನು ಆಟ ಆಡಿಸುವಷ್ಟು ಹಗುರವಾದ ಮನಸ್ಸು ನನಗೆ ಉಳಿದಿಲ್ಲ.

ನನ್ನದು ಇಸ್ತ್ರಿ ಕೆಲಸ. ಬೀದಿಯ ತಿರುವಿನಲ್ಲಿ, ಲೈಟು ಕಂಬದ ಪಕ್ಕ ನನ್ನ ಮೇಜಿದೆ. ಇಪ್ಪತ್ತೆರಡು ವರ್ಷದಿಂದ ಅಲ್ಲೇ ನಿಂತಿದ್ದೇನೆ. ಯಾರ ಅಂಗಿಯ ಕಾಲರ್ ಸವೆದಿದೆ, ಯಾರ ಮಗ ಕೆಲಸ ಬಿಟ್ಟಿದ್ದಾನೆ, ಯಾರ ಮನೆಯಲ್ಲಿ ಜಗಳ, ಎಲ್ಲವೂ ನನ್ನ ಮೇಜಿನ ಮೇಲೆ ಹಾದುಹೋಗುತ್ತವೆ. ಹಾಗಾಗಿ ನನಗೆ ಗೊತ್ತಿಲ್ಲದ್ದು ಏನೂ ಇಲ್ಲ ಎಂಬ ಜಂಬವೂ ನನಗಿತ್ತು. ಮಗಳು ಬಟ್ಟೆ ಹೊಲಿಯುವ ಕಾರ್ಖಾನೆಗೆ ಹೋಗುತ್ತಾಳೆ. ಅಳಿಯ ಲಾರಿ ಓಡಿಸುತ್ತಾನೆ, ತಿಂಗಳಿಗೊಮ್ಮೆ ಮುಖ ತೋರಿಸಿದರೆ ಹೆಚ್ಚು. ಅವರ ಮಗು, ನಾಲ್ಕೂವರೆ ವರ್ಷದ ನನ್ನ ಮೊಮ್ಮಗಳು, ಹಗಲೆಲ್ಲ ನನ್ನ ಮೇಜಿನ ಕೆಳಗೇ ಇರುತ್ತಿದ್ದಳು.

ಬೀದಿಯವರೆಲ್ಲ ಅವಳನ್ನು ಮಾತಿನಮಲ್ಲಿ ಎಂದೇ ಕರೆಯುತ್ತಿದ್ದರು. ಬಾಯಿ ಅಂದರೆ ಬಾಯಿ. ಇಸ್ತ್ರಿ ಪೆಟ್ಟಿಗೆ ಯಾಕೆ ಬಿಸಿ? ಅಂಗಿಗೆ ನೋವಾಗಲ್ವಾ? ಜೇಬಿನೊಳಗೆ ಯಾರಿದ್ದಾರೆ? ಒಂದಕ್ಕೆ ಉತ್ತರ ಹುಡುಕುವಷ್ಟರಲ್ಲಿ ಇನ್ನು ನಾಲ್ಕು ಕೇಳಿರುತ್ತಿದ್ದಳು. “ನಿನ್ನ ಬಾಯಿಗೆ ಬಿಡುವೇ ಇಲ್ವೇನೇ?” ಎಂದು ನಾನು ರೇಗುತ್ತಿದ್ದೆ. ಆ ಮಾತು ನೆನಪಾದಾಗ ಈಗ ನನ್ನ ನಾಲಿಗೆಯನ್ನೇ ಕಚ್ಚಿಕೊಳ್ಳಬೇಕು ಅನ್ನಿಸುತ್ತದೆ.

ನಮ್ಮ ಬೀದಿಯ ಕೊನೆಯಲ್ಲಿ ಹಳೆ ಬ್ಯಾಟರಿ ಒಡೆದು, ಅದರೊಳಗಿನ ಸೀಸ ಕರಗಿಸುವ ಒಂದು ಶೆಡ್ ಇತ್ತು. ಹತ್ತಾರು ವರ್ಷ ಹೊಗೆ ಉಗುಳಿತು. ಆಮೇಲೆ ಅದರ ಒಡೆಯ ಒಂದು ದಿನ ಬೀಗ ಜಡಿದು ಎಲ್ಲಿಗೋ ಹೋದ. ಬೀಗ ಹಾಕಿದ್ದು ಬಾಗಿಲಿಗೆ ಮಾತ್ರ, ಮಣ್ಣಿಗಲ್ಲ. ಐದು ವರ್ಷ ಆ ಜಾಗದಲ್ಲಿ ಹುಲ್ಲು ಕೂಡ ಸರಿಯಾಗಿ ಹುಟ್ಟಲಿಲ್ಲ.

ಆಮೇಲೆ ಮಣ್ಣು ಪರೀಕ್ಷಿಸುವ ಒಬ್ಬರು ಮೇಡಂ ಬಂದರು. ತಲೆಗೆ ಟೋಪಿ, ಕೈಯಲ್ಲಿ ಪ್ಲಾಸ್ಟಿಕ್ ಚೀಲಗಳು. ಕೊಳವೆ ಚುಚ್ಚಿ ಮಣ್ಣು ತೆಗೆದರು, ಚೀಟಿ ಅಂಟಿಸಿದರು, ಹೋದರು. ನಾವು ಮಣ್ಣಿನ ಮೇಡಂ ಎಂದು ಹೆಸರಿಟ್ಟೆವು. ಮುಂದಿನ ಸಲ ಬಂದಾಗ ನೆಲ ಅಗೆಸಿ, ಸುತ್ತ ತಂತಿಬೇಲಿ ಹಾಕಿಸಿ, ಸಾಸಿವೆ ಬಿತ್ತಿಸಿದರು. ಹಾಳು ಜಾಗಕ್ಕೆ ಸಾಸಿವೆಯೇ ಎಂದು ಬೀದಿಯೆಲ್ಲ ನಕ್ಕಿತು. ಕಾವಲಿಗೆ ಒಬ್ಬರು ಬೇಕಿತ್ತು. ನಮ್ಮ ಯಜಮಾನರು ಮೂವತ್ತು ವರ್ಷ ಗೋದಾಮು ಕಾದವರು, ಮನೆಯಲ್ಲಿ ಕೂತು ಬೇಜಾರಾಗಿತ್ತು. ಸೇರಿಕೊಂಡರು. “ಯಾರೂ ಒಳಗೆ ಬರದ ಹಾಗೆ, ಯಾರೂ ಕೀಳದ ಹಾಗೆ ನೋಡ್ಕೊಳ್ಳಿ” ಎಂದು ಹೇಳಿ ಮೇಡಂ ಗೇಟಿಗೆ ಒಂದು ಬೋರ್ಡ್ ಹೊಡೆಸಿ ಹೋದರು. ಯಾಕೆ ಎಂದು ಅವರೂ ಹೇಳಲಿಲ್ಲ, ಇವರೂ ಕೇಳಲಿಲ್ಲ. ಗೋದಾಮಿನಲ್ಲೂ ಯಾವತ್ತೂ ಯಾರೂ ಹೇಳಿರಲಿಲ್ಲವಲ್ಲ.

ಸಾಸಿವೆ ಬಂತು ನೋಡಿ, ಅಬ್ಬಾ! ಎಲೆಯೋ ಅಂಗೈ ಅಗಲ. ಒಂದು ಚುಕ್ಕೆ ಇಲ್ಲ, ಒಂದು ತೂತಿಲ್ಲ. ಒಂದು ಸಂಜೆ ಯಜಮಾನರು ಟವೆಲ್ಲಿನಲ್ಲಿ ಸುತ್ತಿಕೊಂಡು ಒಂದು ದೊಡ್ಡ ಕಟ್ಟು ತಂದು ಅಡುಗೆ ಕಟ್ಟೆ ಮೇಲಿಟ್ಟರು.

“ಏನ್ರೀ ಇದು? ಕಾಯೋಕೆ ಇಟ್ರೆ ಕಿತ್ಕೊಂಡು ಬಂದ್ರಾ? ಬೇಲಿಯೇ ಎದ್ದು ಹೊಲ ಮೇಯ್ದ ಹಾಗಾಯ್ತು” ಎಂದೆ.

“ಸುಮ್ನಿರೇ. ಅವರು ಬಂದು ಕೊಯ್ದು, ತೂಕ ಹಾಕಿ, ಗೋಣಿಗೆ ತುಂಬ್ಕೊಂಡು ಹೋಗ್ತಾರೆ. ಅಷ್ಟು ಸೊಪ್ಪು ತಗೊಂಡು ಏನ್ಮಾಡ್ತಾರೆ? ದೊಡ್ಡವರ ಮನೆಗೇ ಹೋಗೋದು. ಅಂಚಿನ ಸಾಲಿಂದ ನಾಲ್ಕು ಎಲೆ ತಂದ್ರೆ ಏನು ಮುಳುಗಿ ಹೋಗುತ್ತೆ?”

“ಅದಲ್ಲ ನಾನು ಹೇಳೋದು. ಅದು ಬ್ಯಾಟರಿ ಒಡೀತಿದ್ದ ಜಾಗ ಕಣ್ರೀ. ನಾಯಿನೂ ಅಲ್ಲಿ ಮಲಗ್ತಿರ್ಲಿಲ್ಲ. ವಿಷ ಗಿಷ ಇರಲ್ವಾ?”

ಅವರು ಒಂದು ಎಲೆ ಎತ್ತಿ ಬೆಳಕಿಗೆ ಹಿಡಿದರು. “ಇಲ್ನೋಡು. ವಿಷ ಇದ್ದಿದ್ರೆ ಮೊದ್ಲು ಗಿಡ ಸಾಯ್ಬೇಕಿತ್ತು ತಾನೇ? ಗಿಡಕ್ಕೇ ಏನೂ ಆಗಿಲ್ಲ, ನಮಗೇನಾಗುತ್ತೆ?”

ನನಗೆ ಆ ಮಾತು ಸರಿಯೆನಿಸಿತು. ಈಗಲೂ ಕೇಳಿದರೆ ಸರಿಯೆನಿಸುತ್ತದೆ, ಅದೇ ದುಃಖ. ಬೋರ್ಡ್ ನೋಡಲಿಲ್ಲವೇ ಎಂದು ನೀವು ಕೇಳಬಹುದು. ನೋಡಿದ್ದೆ. ಅದರಲ್ಲಿ ಬರೆದದ್ದು ಹೀಗೆ: “ಸಸ್ಯಮೂಲಕ ಭಾರಲೋಹ ನಿವಾರಣಾ ಪ್ರಾಯೋಗಿಕ ತಾಕು. ಅನ್ಯರಿಗೆ ಪ್ರವೇಶವಿಲ್ಲ.” ಮೊದಲ ಸಾಲು ನಮ್ಮ ತಲೆಗೆ ಹತ್ತಲಿಲ್ಲ. ಎರಡನೆಯದನ್ನು ಯಜಮಾನರೇ ಓದಿ ಹೇಳಿದರು, “ಅನ್ಯರಿಗೆ ಇಲ್ಲ ಅಂತ ಬರ್ದಿದಾರೆ. ನಾವು ಕಾವಲಿನವರು, ನಾವ್ಯಾಕೆ ಅನ್ಯರಾಗ್ತೀವಿ?” ಇಬ್ಬರೂ ನಕ್ಕೆವು. ಅವತ್ತೇ ಸೊಪ್ಪನ್ನು ಮೂರು ನೀರಿನಲ್ಲಿ ತೊಳೆದು, ಬೆಳ್ಳುಳ್ಳಿ ಹಾಕಿ ಬೇಯಿಸಿದೆ. ರುಚಿಯಾಗಿಯೇ ಇತ್ತು.

ಅಲ್ಲಿಗೇ ನಿಲ್ಲಿಸಿದೆನೇ? ಬಿಟ್ಟಿ ಸಿಕ್ಕಿದರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ. ಮನೆಗೆ ಸಾಕಾಗಿ ಉಳಿದದ್ದನ್ನು ಸಣ್ಣ ಕಟ್ಟು ಮಾಡಿ, ಇಸ್ತ್ರಿ ಬಟ್ಟೆಯ ಜೊತೆ ನನ್ನ ಗಿರಾಕಿಗಳಿಗೆ ಕೊಡತೊಡಗಿದೆ. “ಔಷಧಿ ಹೊಡೆಯದ ಸೊಪ್ಪು, ತಗೊಳ್ಳಿ. ಒಂದು ತೂತು ತೋರ್ಸಿ ನೋಡೋಣ!” ಎಂದು ಎಲೆ ಬಿಡಿಸಿ ತೋರಿಸುತ್ತಿದ್ದೆ. ಹೀಗೆ ಹನ್ನೊಂದು ಮನೆಗೆ ಕೊಟ್ಟೆ. ಅದರಲ್ಲಿ ಒಬ್ಬಳು ಮಹಡಿ ಮನೆಯ ಟೈಲರಮ್ಮ, ಹೊಸದಾಗಿ ಬಸುರಿಯಾಗಿದ್ದಳು. ಅವಳಿಗೆ ಪ್ರತಿ ಸಲ ಎರಡೆರಡು ಕಟ್ಟು ಕೊಟ್ಟೆ.

ಮೂರನೆಯ ತಿಂಗಳಲ್ಲಿ ಮೊಮ್ಮಗಳ ಮುಖ ಬಿಳುಚಿತು. ನಮ್ಮ ಬೀದಿಯ ಆರೋಗ್ಯ ಕೇಂದ್ರದಲ್ಲಿ ಒಬ್ಬ ನರ್ಸಮ್ಮ ಇದ್ದಾರೆ. ನೇರ ಮಾತಿನವರು, ಒಳ್ಳೆಯವರು. ಕಣ್ಣಿನ ರೆಪ್ಪೆ ಎಳೆದು ನೋಡಿ, ಬೆರಳಿಂದ ಒಂದು ಹನಿ ರಕ್ತ ತೆಗೆದು, “ರಕ್ತ ಕಮ್ಮಿ ಇದೆ ಅಜ್ಜಿ. ಸೊಪ್ಪು ತಿನ್ನಿಸಿ, ಚೆನ್ನಾಗಿ ಸೊಪ್ಪು ತಿನ್ನಿಸಿ” ಎಂದರು.

ಸೊಪ್ಪಿಗೇನು ಬರ? ವಾರಕ್ಕೆ ಎರಡು ದಿನ ಇದ್ದದ್ದು ದಿನಾ ಆಯಿತು. ಅವಳು ಬಿಳುಚಿದಷ್ಟೂ ನಾನು ಹೆಚ್ಚಿಸಿದೆ. ನಾನು ಹೆಚ್ಚಿಸಿದಷ್ಟೂ ಅವಳು ಬಿಳುಚಿದಳು. ಹೊಟ್ಟೆನೋವು ಶುರುವಾಯಿತು. ಮಲ ಕಟ್ಟಿ ಅಳುತ್ತಿದ್ದಳು. ಸಣ್ಣ ಮಾತಿಗೂ ರಂಪ. ಜಂತುಹುಳ ಎಂದು ಒಬ್ಬರು, ದೃಷ್ಟಿ ಎಂದು ಇನ್ನೊಬ್ಬರು, ಹಟಮಾರಿತನ ಎಂದು ನಾನು. ಒಂದು ಮಧ್ಯಾಹ್ನ ತಟ್ಟೆ ತಳ್ಳಿದಳು ಎಂದು ಬೆನ್ನಿಗೆ ಎರಡು ಏಟು ಹಾಕಿ, ಬಾಯಿಗೆ ತುರುಕಿದೆ. “ತಿಂದ್ರೆ ತಾನೇ ರಕ್ತ ಬರೋದು?” ಎಂದೆ.

ಆಮೇಲೆ ಪ್ರಶ್ನೆಗಳು ಕಮ್ಮಿಯಾದವು. ಮೊದಮೊದಲು ನನಗೆ ಹಾಯೆನಿಸಿತು, ಅಷ್ಟು ಪಾಪಿ ನಾನು. ಕೆಲಸಕ್ಕೆ ತೊಂದರೆ ಇಲ್ಲ ಅಂದುಕೊಂಡೆ. ಒಂದು ದಿನ ಮೇಜಿನ ಕೆಳಗಿನಿಂದ ಅವಳು ಕೈ ತೋರಿಸಿ, “ಅಜ್ಜಿ, ಅದು... ಅದು...” ಎಂದು ತಡವರಿಸಿದಳು. ತೋರಿಸುತ್ತಿದ್ದದ್ದು ಇಸ್ತ್ರಿ ಪೆಟ್ಟಿಗೆಯನ್ನು. ಹುಟ್ಟಿದಾಗಿನಿಂದ ನೋಡಿದ ವಸ್ತುವಿನ ಹೆಸರು ಅವಳ ಬಾಯಿಗೆ ಬರಲಿಲ್ಲ.

ಮಾರನೆಯ ದಿನ ನರ್ಸಮ್ಮನನ್ನು ಮನೆಗೇ ಕರೆದುಕೊಂಡು ಬಂದೆ. ಬರುವಾಗಲೇ ಜಗಳ ತೆಗೆದೆ.

“ನೀವು ಹೇಳಿದ್ದನ್ನೆಲ್ಲ ಮಾಡಿದೀನಿ ತಾಯಿ. ದಿನಾ ಸೊಪ್ಪು ತಿನ್ನಿಸಿದೀನಿ. ಎಲ್ಲಿ ಬಂತು ರಕ್ತ?”

ನರ್ಸಮ್ಮ ಅಡುಗೆ ಕಟ್ಟೆ ಮೇಲಿದ್ದ ಕಟ್ಟನ್ನು ನೋಡಿದರು. “ಇಷ್ಟು ದೊಡ್ಡ ಎಲೆ! ಎಲ್ಲಿ ತಗೊಂಡ್ರಿ?”

“ತಗೊಳ್ಳೋದು ಯಾಕೆ? ಯಜಮಾನರು ಕಾಯೋ ಜಾಗದ್ದು.”

“ಯಾವ ಜಾಗ?”

“ಅದೇ, ಹಳೆ ಬ್ಯಾಟರಿ ಶೆಡ್ಡಿನ ಜಾಗ.”

ಅವರ ಮುಖದ ಬಣ್ಣ ಹೋಯಿತು. ಕುರ್ಚಿ ಎಳೆದುಕೊಂಡು ಕೂತರು. “ಎಷ್ಟು ದಿನದಿಂದ ಅಜ್ಜಿ?”

ನನಗೆ ಸಿಟ್ಟು ಬಂತು. ಭಯವಾದರೆ ನನಗೆ ಸಿಟ್ಟೇ ಬರುವುದು. “ಏಳು ತಿಂಗಳಾಯ್ತು. ಏನೀಗ? ಗಿಡ ನೋಡಿ, ಹೇಗೆ ನಳನಳಿಸ್ತಾ ಇದೆ! ವಿಷ ಇದ್ದಿದ್ರೆ ಗಿಡ ಸಾಯ್ತಿರ್ಲಿಲ್ವಾ? ಮೂರು ನೀರಲ್ಲಿ ತೊಳೀತೀನಿ. ಕುದಿಸಿ ಕುದಿಸಿ ಬೇಯಿಸ್ತೀನಿ.”

“ತೊಳೆದ್ರೆ ಎಲೆ ಮೇಲಿನ ಧೂಳು ಹೋಗುತ್ತೆ, ಅಷ್ಟೇ. ಒಳಗಿರೋದು ಹೋಗಲ್ಲ. ಸೀಸ ಅಂದ್ರೆ ಲೋಹ ಅಜ್ಜಿ. ಬೇಯಿಸಿದ್ರೆ ಸಾಯೋಕೆ ಅದೇನು ಕ್ರಿಮಿನಾ? ನಿಮ್ಮ ಇಸ್ತ್ರಿ ಪೆಟ್ಟಿಗೆ ಕುದಿಸಿದ್ರೆ ಕರಗಿ ಹೋಗುತ್ತಾ?”

ಅವರು ಮೆಲ್ಲಗೆ ಇನ್ನೊಂದು ಮಾತು ಹೇಳಿದರು, “ಸೀಸ ಮೈಗೆ ಸೇರಿದ್ರೂ ರಕ್ತ ಕಮ್ಮಿ ಆಗುತ್ತೆ. ನಾನು ಸೊಪ್ಪು ತಿನ್ನಿಸಿ ಅಂದೆ. ಎಲ್ಲಿಯ ಸೊಪ್ಪು ಅಂತ ಕೇಳ್ಲಿಲ್ಲ. ಒಂದೇ ಒಂದು ಮಾತು ಕೇಳಿದ್ರೆ ಆಗ್ತಿತ್ತು.”

ದೊಡ್ಡ ಆಸ್ಪತ್ರೆಯಲ್ಲಿ ಮಗುವಿನ ತೋಳಿನಿಂದ ರಕ್ತ ತೆಗೆದರು. ವಾರವಾದ ಮೇಲೆ ಚೀಟಿ ಬಂತು. ಮಗಳು ಅರ್ಧ ದಿನ ರಜೆ ಹಾಕಿ ಬಂದಿದ್ದಳು, ಕಾರ್ಖಾನೆಯ ನೂಲಿನ ಎಳೆಗಳು ಕೂದಲಿಗೆ ಅಂಟಿಕೊಂಡೇ ಇದ್ದವು. ನರ್ಸಮ್ಮ ಚೀಟಿ ಓದಿದರು. ಮಕ್ಕಳ ರಕ್ತದಲ್ಲಿ ಸೀಸ ಇಷ್ಟಿದ್ದರೆ ಪರವಾಗಿಲ್ಲ ಎಂಬ ಮಾತೇ ಇಲ್ಲವಂತೆ. ವೈದ್ಯರು ಎಚ್ಚರಿಕೆಗೆಂದು ಒಂದು ಗೆರೆ ಇಟ್ಟಿದ್ದಾರಂತೆ. ನನ್ನ ಮೊಮ್ಮಗಳ ರಕ್ತದಲ್ಲಿ ಅದರ ಆರು ಪಟ್ಟು ಇತ್ತು.

“ಔಷಧಿ ಕೊಡಿ, ಎಷ್ಟೇ ದೊಡ್ಡ ಔಷಧಿ ಆಗ್ಲಿ” ಎಂದಳು ಮಗಳು.

“ಔಷಧಿ ಕೊಟ್ಟು ಹೊರಗೆ ತೆಗೀಬೇಕಾದಷ್ಟು ಇನ್ನೂ ಏರಿಲ್ಲ ಅಂತ ಡಾಕ್ಟರು ಹೇಳಿದಾರಮ್ಮ. ಈಗ ಇರೋ ದೊಡ್ಡ ಔಷಧಿ ಅಂದ್ರೆ ಆ ಸೊಪ್ಪು ನಿಲ್ಸೋದು, ಆ ಮಣ್ಣು ಮನೆಗೆ ಬರದ ಹಾಗೆ ನೋಡ್ಕೊಳ್ಳೋದು. ಇದು ಸೊಪ್ಪಿಂದ ಮಾತ್ರ ಬಂದಿದ್ದಲ್ಲ. ತಾತನ ಚಪ್ಪಲಿ, ಅಂಗಿ, ಕೈ, ಎಲ್ಲದರಲ್ಲೂ ಆ ಧೂಳು ಬಂದಿರುತ್ತೆ.”

ಮಗಳು ನನ್ನ ಕಡೆ ತಿರುಗಿದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. “ಅಮ್ಮಾ, ಅವಳು ಬೇಡ ಬೇಡ ಅಂತಿದ್ಲಲ್ಲಮ್ಮ” ಎಂದಳು. ಅಷ್ಟೇ.

ನಾನು ಚಪ್ಪಲಿ ಮೆಟ್ಟಿಕೊಂಡು ನೇರ ಬೇಲಿಯ ಹತ್ತಿರ ನಡೆದೆ. ಮಣ್ಣಿನ ಮೇಡಂ ಅವತ್ತು ಕೊಯ್ಲಿಗೆ ಬಂದಿದ್ದರು. ಕೈಗವಸು, ಬಾಯಿಗೆ ಬಟ್ಟೆ. ಅವರ ಕೈಗೆ ಗವಸು, ನಮ್ಮ ಯಜಮಾನರಿಗೆ ಬರೀ ಒಂದು ಕೋಲು. ಅದನ್ನು ಏಳು ತಿಂಗಳಲ್ಲಿ ನಾನು ಗಮನಿಸಿರಲೇ ಇಲ್ಲ. ಎಲ್ಲವನ್ನೂ ಒಂದೇ ಉಸಿರಿಗೆ ಒದರಿದೆ. ಕೇಳುತ್ತ ಕೇಳುತ್ತ ಅವರು ತೂಕದ ಪುಸ್ತಕ ಮಡಚಿದರು.

“ಅಂಚಿನ ಸಾಲಿನ ತೂಕ ಪ್ರತಿ ಸಲ ಕಮ್ಮಿ ಬರ್ತಿತ್ತು” ಎಂದರು. “ಮೇಕೆ ನುಗ್ಗಿ ತಿಂತಿದೆ ಅಂತ ಬರ್ಕೊಂಡಿದ್ದೆ.”

“ಆ ಮೇಕೆ ನಾವೇ ಮೇಡಂ” ಎಂದರು ಯಜಮಾನರು. ಕೋಲು ಊರಿಕೊಂಡು ನಿಂತಿದ್ದರು. “ಆದ್ರೆ ಒಂದು ಹೇಳಿ. ಗಿಡ ಯಾಕೆ ಸಾಯ್ಲಿಲ್ಲ? ಅದು ಸತ್ತಿದ್ರೆ ನಾನು ಮುಟ್ತಿರ್ಲಿಲ್ಲ.”

ಮೇಡಂ ಬೇಲಿಯ ಪಕ್ಕದ ಕಲ್ಲಿನ ಮೇಲೆ ಕೂತು ಹೇಳಿದರು. ಅವತ್ತು ಹೇಳಿದಷ್ಟು ಸರಳವಾಗಿ ಮೊದಲ ದಿನವೇ ಹೇಳಿದ್ದರೆ!

“ಸಾಯ್ಬಾರ್ದು ಅಂತಲೇ ಇದನ್ನ ಹುಡುಕಿ ಬಿತ್ತಿದ್ದು ತಾತ. ಇದು ಹೀರಿದ ಸೀಸಾನ ಗಿಡದ ಜೊತೆಗೇ ಕೊಯ್ದು ಮಣ್ಣಿಂದ ಹೊರಗೆ ಸಾಗಿಸೋದೇ ನಮ್ಮ ಕೆಲಸ. ಗಿಡ ಬೇರಿಂದ ನೀರು ಕುಡಿಯುವಾಗ ಮಣ್ಣಿನ ಸೀಸಾನೂ ಒಂದಿಷ್ಟು ಒಳಗೆ ಬರುತ್ತೆ. ಎಷ್ಟೋ ಗಿಡಗಳು ಅಲ್ಲೇ ಬಾಡ್ತವೆ. ಇಂಥ ಕೆಲವು ತಡ್ಕೊಳ್ತವೆ. ಗಿಡದ ಮೈಯೆಲ್ಲ ಕಣ್ಣಿಗೆ ಕಾಣದಷ್ಟು ಸಣ್ಣ ಸಣ್ಣ ಜೀವಕೋಶ. ಒಂದೊಂದು ಕೋಶದ ಒಳಗೂ ನೀರು ತುಂಬಿದ ಒಂದು ಚೀಲ ಇರುತ್ತೆ. ವಿಷ ಬಂತು ಅಂದ್ರೆ ಗಿಡ ಅದನ್ನ ಗಟ್ಟಿಯಾಗಿ ಹಿಡ್ಕೊಳ್ಳೋ ಅಂಥ ಪದಾರ್ಥ ತಯಾರು ಮಾಡುತ್ತೆ. ಹಿಡಿದು ಒಂದಿಷ್ಟನ್ನ ಕೋಶದ ಗೋಡೆಗೇ ಅಂಟಿಸುತ್ತೆ, ಉಳಿದಿದ್ದನ್ನ ಆ ಚೀಲದೊಳಗೆ ತಳ್ಳುತ್ತೆ. ಕೆಲಸ ನಡೆಯೋ ಜಾಗಕ್ಕೆ ಬರೋಕೆ ಬಿಡಲ್ಲ. ಅದಕ್ಕೇ ಅದು ಹಸಿರಾಗೇ ಇರುತ್ತೆ.”

ಯಜಮಾನರು ಕೋಲಿನಿಂದ ಗೇಟು ತೋರಿಸಿದರು. “ಅಂದ್ರೆ ಕಳ್ಳನ್ನ ಹಿಡಿದು, ಕೋಣೆಗೆ ತಳ್ಳಿ, ಬೀಗ ಹಾಕಿದ ಹಾಗೆ.”

“ಹಾಗೇ ತಾತ. ಬೇರಲ್ಲಿ ಹೆಚ್ಚು ಕೋಣೆ, ಕಾಂಡದಲ್ಲೂ ಇದೆ, ಎಲೆಯಲ್ಲೂ ಇದೆ.”

“ಆದ್ರೆ ಕಳ್ಳ ಸತ್ತಿಲ್ಲ.”

“ಸಾಯಲ್ಲ. ಸೀಸ ಕೊಳೆಯಲ್ಲ, ಸುಟ್ಟರೂ ಹೋಗಲ್ಲ, ಸುಟ್ಟರೆ ಹೊಗೆಯಲ್ಲೂ ಬೂದಿಯಲ್ಲೂ ಇರುತ್ತೆ. ಬೀಗದೊಳಗೇ ಕೂತಿರುತ್ತೆ. ನಾವು ಆ ಎಲೆ ಅಗಿದು ಅರಗಿಸಿದಾಗ ಅಷ್ಟೂ ಬೀಗ ಒಡೀತೀವಿ.”

“ನಮ್ಮ ಮೈಯಲ್ಲಿ ಅಂಥ ಕೋಣೆ ಇಲ್ವಾ?” ಎಂದು ಕೇಳಿದೆ ನಾನು. ಇದೆ ಎನ್ನಲಿ ಎಂದು ಬೇಡಿಕೊಳ್ಳುತ್ತಲೇ ಕೇಳಿದೆ.

“ಇಲ್ಲ ಅಜ್ಜಿ. ನಮ್ಮ ಮೈ ಅದನ್ನ ಸುಣ್ಣದ ಅಂಶ ಅಂತ ತಿಳ್ಕೊಂಡು ಮೂಳೆಗೆ ಸೇರಿಸ್ಕೊಳ್ಳುತ್ತೆ. ಬೆಳೆಯೋ ಮಕ್ಕಳ ಮೈ ಇನ್ನೂ ಜಾಸ್ತಿ ಎಳ್ಕೊಳ್ಳುತ್ತೆ. ಮಿದುಳಿಗೂ ಹೋಗುತ್ತೆ.”

“ಇಷ್ಟು ಗೊತ್ತಿದ್ದೂ ನಮಗೆ ಹೇಳ್ಲಿಲ್ವಲ್ಲ ತಾಯಿ!” ಎಂದು ಕೂಗಿದೆ.

“ಬೋರ್ಡ್ ಹಾಕಿಸಿದ್ವಿ ಅಜ್ಜಿ...”

“ಅದ್ಯಾರಿಗೆ ಬರೆದ ಬೋರ್ಡು? ತಿನ್ನಬೇಡಿ ಅನ್ನೋ ನಾಲ್ಕು ಅಕ್ಷರಕ್ಕೆ ಜಾಗ ಇರ್ಲಿಲ್ವಾ ಅದ್ರಲ್ಲಿ?”

ಅವರು ತಲೆ ತಗ್ಗಿಸಿದರು. ಕ್ಷಮಿಸಿ ಎಂದರು. ಆ ಶೆಡ್ಡಿನ ಒಡೆಯ ಇವತ್ತಿನವರೆಗೆ ಆ ಮಾತು ಹೇಳಿಲ್ಲ, ಅವನೆಲ್ಲಿದ್ದಾನೋ. ಯಜಮಾನರು ಬೇಲಿಯಾಚೆ ತಿರುಗಿ ಸಾಲುಸಾಲು ಸಾಸಿವೆ ನೋಡುತ್ತ ನಿಂತಿದ್ದರು. “ಮೂವತ್ತು ವರ್ಷ ಕಾವಲು ಮಾಡಿದೀನಿ” ಎಂದರು. “ಈ ಗಿಡ ನನಗಿಂತ ಒಳ್ಳೆ ಕಾವಲುಗಾರ. ಹಿಡಿದ ಕಳ್ಳನ್ನ ಬಿಡಲಿಲ್ಲ. ಬೀಗ ತೆಗೆದು ಕಳ್ಳನ್ನ ಮನೆಗೆ ಕರ್ಕೊಂಡು ಬಂದವನು ನಾನು.” ಅತ್ತರು. ಮದುವೆಯಾದ ಮೇಲೆ ಅವರು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಅಳುತ್ತ ಕೂರಲು ನನಗೆ ಪುರುಸೊತ್ತಿರಲಿಲ್ಲ. ಇನ್ನೂ ಹನ್ನೊಂದು ಮನೆ ಇತ್ತು.

ಇಪ್ಪತ್ತೆರಡು ವರ್ಷ ಮಡಚಿದ ಬಟ್ಟೆ ಹಿಡಿದು ತಟ್ಟಿದ ಬಾಗಿಲುಗಳನ್ನು ಆ ಸಂಜೆ ಬರಿಗೈಯಲ್ಲಿ ತಟ್ಟಿದೆ. ಒಂದು ಮನೆಯವರು ಬಾಗಿಲು ಮುಖಕ್ಕೆ ಹಾಕಿದರು. ಇನ್ನೊಂದು ಮನೆಯ ಯಜಮಾನ ನಕ್ಕುಬಿಟ್ಟ. “ತಿಂದು ಐದು ತಿಂಗಳಾಯ್ತಲ್ಲಜ್ಜಿ, ನನಗೇನಾಗಿದೆ? ಗುಂಡುಕಲ್ಲಿನ ಹಾಗಿದೀನಿ!” ಎಂದ.

“ನನಗೂ ಏನೂ ಆಗಿಲ್ಲಪ್ಪ. ಅದಕ್ಕೇ ಗೊತ್ತಾಗ್ಲಿಲ್ಲ. ಮೊದ್ಲು ಮಕ್ಕಳಿಗೆ ಆಗೋದು. ನಿನ್ನ ಮಗನ್ನ ಕರ್ಕೊಂಡು ಹೋಗಿ ರಕ್ತ ನೋಡ್ಸು. ನಿನ್ನ ಕಾಲಿಗೆ ಬೀಳ್ತೀನಿ” ಎಂದೆ. ಅವನ ನಗು ನಿಂತಿತು. ಮಾರನೆಯ ದಿನವೇ ಹೋದ.

ಕೊನೆಗೆ ಮಹಡಿ ಮನೆ ಮೆಟ್ಟಿಲು ಹತ್ತಿದೆ. ಟೈಲರಮ್ಮ ಏಳು ತಿಂಗಳ ಹೊಟ್ಟೆ ಹೊತ್ತು ಮಿಷನ್ನಿನ ಮುಂದೆ ಕೂತಿದ್ದಳು. ನಾನು ಹೇಳಿ ಮುಗಿಸುವವರೆಗೂ ಮಿಷನ್ನು ತುಳಿಯುವುದನ್ನು ನಿಲ್ಲಿಸಲಿಲ್ಲ. ಆಮೇಲೆ ನಿಲ್ಲಿಸಿದಳು.

“ಬಸುರಿ ಹೆಂಗಸು ಸೊಪ್ಪು ತಿನ್ಬೇಕು ಅಂತ ಎರಡೆರಡು ಕಟ್ಟು ಕೊಟ್ಟಿದ್ದು ನೀವೇ ಅಲ್ವಾ ಅಜ್ಜಿ?” ಎಂದಳು.

ಹೌದು ಎಂದೆ. ನರ್ಸಮ್ಮ ಅವಳನ್ನೂ ಪರೀಕ್ಷೆಗೆ ಕರೆದೊಯ್ದರು. ಅವಳ ರಕ್ತದಲ್ಲೂ ಸೀಸ ಇತ್ತು, ಮೊಮ್ಮಗಳಷ್ಟಲ್ಲ. ಮಗು ಹುಟ್ಟಿದೆ. ಚೆನ್ನಾಗಿದೆ, ನೋಡುತ್ತಿರಬೇಕು ಎನ್ನುತ್ತಾರೆ. ಅವಳು ಈಗ ನನಗೆ ಬಟ್ಟೆ ಕೊಡುವುದಿಲ್ಲ. ಹನ್ನೊಂದರಲ್ಲಿ ನಾಲ್ಕು ಮನೆ ಕೊಡುವುದಿಲ್ಲ. ಅವರ ಜಾಗದಲ್ಲಿ ನಾನಿದ್ದರೂ ಕೊಡುತ್ತಿರಲಿಲ್ಲ.

ಮನೆಯಲ್ಲಿ ನರ್ಸಮ್ಮ ಹೇಳಿದ್ದನ್ನೆಲ್ಲ ಮಾಡಿದೆವು. ಯಜಮಾನರ ಚಪ್ಪಲಿ ಈಗ ಹೊಸಿಲಿನ ಹೊರಗೆ. ಕಾವಲಿನ ಬಟ್ಟೆ ಅಲ್ಲೇ ಬದಲಿಸಿ, ಬೇರೆ ಬಕೆಟ್ಟಿನಲ್ಲಿ ಒಗೆಯುತ್ತೇನೆ. ಸ್ನಾನ ಮಾಡದೆ ಅವರು ಮಗುವನ್ನು ಎತ್ತಿಕೊಳ್ಳುವುದಿಲ್ಲ. ನೆಲವನ್ನು ಒಣಕಸಬರಿಗೆಯಿಂದ ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸುತ್ತೇವೆ. ಊಟಕ್ಕೆ ಮೊದಲು ಸೋಪು ಹಾಕಿ ಕೈ ತೊಳೆಸುತ್ತೇವೆ. ಹಾಲು, ಮೊಟ್ಟೆ, ಬೇಳೆ, ಹೊತ್ತು ಹೊತ್ತಿಗೆ ಊಟ. ಖಾಲಿ ಹೊಟ್ಟೆಯಲ್ಲಿದ್ದರೆ ಮೈ ಸೀಸವನ್ನು ಹೆಚ್ಚು ಹೀರಿಕೊಳ್ಳುತ್ತದಂತೆ.

ಬೋರ್ಡನ್ನೂ ಬದಲಿಸಿದೆವು. ಮೇಡಂ ಬಣ್ಣ ತಂದರು, ಮಗಳು ಬರೆದಳು: “ಇದು ತಿನ್ನುವ ಸೊಪ್ಪಲ್ಲ. ಇದರೊಳಗೆ ಸೀಸ ಇದೆ. ಕೀಳಬೇಡಿ. ದನಕ್ಕೆ, ಮೇಕೆಗೆ, ಕೋಳಿಗೆ ಹಾಕಬೇಡಿ. ಸುಡಬೇಡಿ.” ಯಜಮಾನರು ಈಗಲೂ ಅಲ್ಲೇ ಕಾಯುತ್ತಾರೆ, ಕೈಗೆ ಗವಸು, ಬಾಯಿಗೆ ಬಟ್ಟೆ ಸಿಕ್ಕಿದೆ. ಬೇಲಿ ಹತ್ತಿರ ಬಂದವರಿಗೆಲ್ಲ ಬೀಗದ ಕಥೆ ಹೇಳುತ್ತಾರೆ. ಈ ಮಣ್ಣು ಶುದ್ಧವಾಗಲು ಎಷ್ಟು ಬೆಳೆ ಬೇಕು ಎಂದು ಕೇಳಿದೆ. ಎಷ್ಟೋ ವರ್ಷ ಬೇಕು, ಪೂರ್ತಿ ಆಗುತ್ತೋ ಇಲ್ಲವೋ ಹೇಳಲಾಗದು ಎಂದರು ಮೇಡಂ. ಮಣ್ಣು ಕೆಡಿಸಿದವನಿಗೆ ಒಂದು ಬೀಗ ಸಾಕಾಯಿತು.

ಹತ್ತು ತಿಂಗಳ ಮೇಲೆ ಮತ್ತೆ ರಕ್ತ ನೋಡಿದರು. ಸೀಸ ಅರ್ಧಕ್ಕಿಂತ ಕೆಳಗಿಳಿದಿದೆ. ಕೆನ್ನೆಗೆ ಬಣ್ಣ ಬಂದಿದೆ, ಹೊಟ್ಟೆನೋವಿಲ್ಲ. ತಟ್ಟೆ ತಳ್ಳುವುದಿಲ್ಲ. ಆದರೆ ಶಾಲೆಯ ಟೀಚರ್, “ಸ್ವಲ್ಪ ನಿಧಾನ ಇದಾಳೆ. ಹೇಳ್ಕೊಟ್ಟಿದ್ದು ನಿಲ್ಲಲ್ಲ” ಎನ್ನುತ್ತಾರೆ. ಅವಳ ಓರಗೆಯ ಮಕ್ಕಳು ಹೇಳಿದ ಪದ್ಯ ಅವಳಿಗೆ ಎರಡು ಸಾಲಿಗೆ ನಿಂತುಹೋಗುತ್ತದೆ. “ಎಲ್ಲ ಮರಳಿ ಬರುತ್ತಾ?” ಎಂದು ನರ್ಸಮ್ಮನನ್ನು ಕೇಳಿದೆ. “ಒಂದಿಷ್ಟು ಬರಬಹುದು ಅಜ್ಜಿ. ದಿನಾ ಮಾತಾಡ್ಸಿ, ಕಥೆ ಹೇಳಿ. ಎಲ್ಲ ಬರುತ್ತೆ ಅಂತ ಸುಳ್ಳು ಹೇಳೋಕೆ ನನಗೆ ಬಾಯಿ ಬರಲ್ಲ” ಎಂದರು. ಬೀದಿಯಲ್ಲಿ ಈಗ ಅವಳನ್ನು ಯಾರೂ ಮಾತಿನಮಲ್ಲಿ ಎನ್ನುವುದಿಲ್ಲ. ಹೆಸರು ಹಿಡಿದು ಕರೆಯುತ್ತಾರೆ.

ಅವತ್ತು ಹನ್ನೊಂದು ಬಾಗಿಲು ತಟ್ಟಿದೆ. ಇದು ಹನ್ನೆರಡನೆಯದು, ನಿಮ್ಮದು. ಬಾಗಿಲು ನನ್ನ ಮುಖಕ್ಕೆ ಹಾಕಬೇಡಿ, ಎರಡು ಮಾತು ಕೇಳಿ.

ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಹಿರಿಯರು ಹೇಳಿದರು. ಹಸಿರಾಗಿರುವುದೆಲ್ಲ ಊಟವಲ್ಲ ಎಂದು ನಾನು ಹೇಳುತ್ತೇನೆ. ಗಿಡದ ಆರೋಗ್ಯ ನೋಡಿ ಮಣ್ಣಿನ ಆರೋಗ್ಯ ಹೇಳಬೇಡಿ. ಹಳೆ ಬ್ಯಾಟರಿ ಒಡೆದ ಜಾಗ, ಲೋಹ ಕರಗಿಸಿದ ಜಾಗ, ಕಾರ್ಖಾನೆಯ ಕೊಳಚೆ ಹರಿಯುವ ಕಾಲುವೆ ದಂಡೆ, ಕಸ ಸುರಿದು ಮುಚ್ಚಿದ ನೆಲ, ಇಲ್ಲೆಲ್ಲ ಬೆಳೆದದ್ದು ಎಷ್ಟೇ ನಳನಳಿಸಲಿ, ಮಣ್ಣು ಪರೀಕ್ಷೆ ಆಗುವವರೆಗೆ ತಿನ್ನಬೇಡಿ. ದನಕ್ಕೂ ಹಾಕಬೇಡಿ, ಹಾಲಿನ ದಾರಿಯಲ್ಲಿ ಅದು ಮನೆ ಸೇರೀತು. ಮಣ್ಣು ಪರೀಕ್ಷೆಗೆ ಕೊಡುವಾಗ ಗೊಬ್ಬರದ ಪರೀಕ್ಷೆ ಮಾತ್ರ ಸಾಲದು, ಸೀಸದಂಥ ಲೋಹವಿದೆಯೇ ನೋಡಿ ಎಂದು ಬಾಯಿಬಿಟ್ಟು ಹೇಳಿ. ನಿಮ್ಮ ಬೀದಿಯಲ್ಲಿ ಅಂಥ ಜಾಗವಿದ್ದು ಮಗು ಬಿಳುಚಿದರೆ, ಮಾತು ಮರೆತರೆ, ಹೊಟ್ಟೆನೋವೆಂದರೆ, ಹಟ ಎನ್ನಬೇಡಿ, ದೃಷ್ಟಿ ಎನ್ನಬೇಡಿ. ಆರೋಗ್ಯ ಕೇಂದ್ರಕ್ಕೆ ಹೋಗಿ ರಕ್ತದಲ್ಲಿ ಸೀಸ ನೋಡಿ ಎಂದು ಕೇಳಿ. ಬೋರ್ಡ್ ಹಾಕುವವರೇ, ನಿಮಗೂ ಒಂದು ಮಾತು. ಇಸ್ತ್ರಿ ಮಾಡುವ ಮುದುಕಿಗೆ ಅರ್ಥವಾಗುವ ಹಾಗೆ ಬರೆಯಿರಿ.

ನನ್ನ ಮೊಮ್ಮಗಳು ಈಗ ಹೆಚ್ಚು ಪ್ರಶ್ನೆ ಕೇಳುವುದಿಲ್ಲ. ಒಂದೇ ಪ್ರಶ್ನೆ ಕೇಳುತ್ತಾಳೆ. ತಟ್ಟೆ ಮುಂದಿಟ್ಟ ಕೂಡಲೇ, “ಅಜ್ಜಿ, ಇದು ಎಲ್ಲಿ ಬೆಳೆದಿದ್ದು?” ಎನ್ನುತ್ತಾಳೆ. ಹೇಳುತ್ತೇನೆ. ಎರಡು ತುತ್ತು ತಿಂದು ಮತ್ತೆ ಕೇಳುತ್ತಾಳೆ, ಹೇಳಿದ್ದು ಮರೆತಿರುತ್ತದೆ. ನಾನು ರೇಗುವುದಿಲ್ಲ, ಮತ್ತೆ ಹೇಳುತ್ತೇನೆ. ಏಳು ತಿಂಗಳು ನಮ್ಮ ಮನೆಯಲ್ಲಿ ದೊಡ್ಡವರು ಯಾರೂ ಕೇಳದ ಪ್ರಶ್ನೆ ಅದು. ಇವತ್ತು ಊಟಕ್ಕೆ ಕೂರುವ ಮೊದಲು ನೀವು ಕೇಳಿ.